ನಿಂಗೂ ದಮ್ಮಾ?

ನಾನು ಓದು ನಿಲ್ಲಿಸಿದ್ದು ೧೯೯೩ರಲ್ಲಿ, ಏಳನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ. ಫೇಲಾಗಿ ಬಿಟ್ಟವನಲ್ಲ, ಪಾಸಾಗಿ ಬಿಟ್ಟವನು. ಇದನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ನಮ್ಮದು ನೇಯ್ಗೆಯ ಜನ. ಆದರೆ ನಮ್ಮಪ್ಪ ಮೊಳಕಾಲ್ಮೂರಿನ ಮಗ್ಗ ಬಿಟ್ಟು ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಬಂದು ಸೇರಿದ್ದ. ಮಿಲ್ಲಿನ ಲಾರಿಗಳು ರಿಪೇರಿಗೆ ನಿಲ್ಲುತ್ತಿದ್ದ ಶೆಡ್ಡು ನಮ್ಮ ಮನೆ ಎದುರಿಗೇ ಇತ್ತು. ಶಾಲೆಗೆ ಹೋಗಬೇಕಾದರೆ ಆ ಶೆಡ್ಡು ದಾಟಬೇಕು. ಒಂದು ದಿನ ದಾಟಲಿಲ್ಲ, ಅಷ್ಟೇ.

ಹತ್ತು ವರ್ಷ ಇನ್ನೊಬ್ಬರ ಶೆಡ್ಡಿನಲ್ಲಿ ದುಡಿದೆ, ಆಮೇಲೆ ನನ್ನದೇ ಶೆಡ್ಡು ಹಾಕಿದೆ. ಗಾಡಿ ಗೇಟಿನ ಹತ್ತಿರ ಬರುವಾಗಲೇ ಶಬ್ದ ಕೇಳಿ ಏನಾಗಿದೆ ಹೇಳಬಲ್ಲೆ. ಡಿಗ್ರಿ ಓದಿದವರು ಲ್ಯಾಪ್‌ಟಾಪ್ ಚುಚ್ಚಿ ಹುಡುಕುವುದನ್ನು ನಾನು ಕಿವಿಯಲ್ಲಿ ಹುಡುಕುತ್ತೇನೆ. ಜಂಬ ಎಂದರೆ ಜಂಬವೇ, ಇರಲಿ.

ನಮ್ಮ ಕಡೆ ಗಾಡಿ ಎಳೆಯದೇ ಹೋದರೆ "ಅಣ್ಣಾ, ಗಾಡೀಲಿ ದಮ್ಮಿಲ್ಲ" ಎನ್ನುತ್ತಾರೆ. ಅದಕ್ಕೆ ಕಾರಣವೂ ಹೆಚ್ಚಿಲ್ಲ, ಎರಡೇ. ಒಂದು ಧೂಳು. ಗಾಳಿ ಎಳೆದುಕೊಳ್ಳುವ ಫಿಲ್ಟರ್ ಬಿಚ್ಚಿ ಕಲ್ಲಿಗೆ ನಾಲ್ಕು ಸಲ ಬಡಿದರೆ ಅರ್ಧ ಚಳ್ಳಕೆರೆಯ ಮಣ್ಣು ಉದುರುತ್ತದೆ. ಇನ್ನೊಂದು ಬಿಸಿಲು. ಹಳೇ ಕಾರುಗಳಲ್ಲಿ ಎಂಜಿನ್ನಿಗೆ ಅಂಟಿಕೊಂಡ ಪೆಟ್ರೋಲ್ ಪಂಪು ಇರುತ್ತದೆ. ಏಪ್ರಿಲ್ ಮಧ್ಯಾಹ್ನ ಅದು ಕಾದು ಒಳಗಿನ ಪೆಟ್ರೋಲ್ ಆವಿಯಾಗಿ ಕೂತುಬಿಡುತ್ತದೆ. ಒದ್ದೆ ಬಟ್ಟೆ ಸುತ್ತಿ, ಒಂದು ಟೀ ಕುಡಿದು ಬಂದರೆ ಗಾಡಿ ಹೊರಡುತ್ತದೆ. ಈ ಎರಡು ಔಷಧಿಯಲ್ಲಿ ಮೂವತ್ತು ವರ್ಷ ಡಾಕ್ಟರಿಕೆ ಮಾಡಿದ್ದೇನೆ.

ಇನ್ನು ನನ್ನ ಅತ್ತೆ. ಹೆಂಡತಿಯ ತಾಯಿ, ಮೊಳಕಾಲ್ಮೂರಿನವರು. ಒಂಬತ್ತು ವರ್ಷಕ್ಕೇ ಮಗ್ಗದ ಗುಂಡಿಗೆ ಇಳಿದವರು, ಅರವತ್ತೆಂಟಕ್ಕೆ ಮೇಲೆ ಬಂದರು, ಅದೂ ಎದೆಯಲ್ಲಿ ದಮ್ಮು ಸೇರಿಕೊಂಡ ಮೇಲೆ. ಮನೆಯಲ್ಲಿ ತೆಲುಗು ಮಾತು, ಬೀದಿಯಲ್ಲಿ ಕನ್ನಡ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಅತ್ತೆ ನನ್ನ ಜೊತೆ ಒಂದು ಮಾತೂ ನೇರವಾಗಿ ಆಡಿರಲಿಲ್ಲ. ಜಗಳವಲ್ಲ, ಪದ್ಧತಿ. ಅವರ ಮನೆಯಲ್ಲಿ ಅತ್ತೆ ಅಳಿಯನ ಎದುರು ಸೆರಗು ಹೊದ್ದುಕೊಂಡೇ ನಿಲ್ಲಬೇಕು, ಏನಿದ್ದರೂ ಮಗಳ ಬಾಯಿಂದ ಹೇಳಿಸಬೇಕು. ನಾನು ಊಟಕ್ಕೆ ಕೂತಿರುತ್ತೇನೆ, ಅವರು ಮೂರಡಿ ದೂರದಲ್ಲಿ ಗೋಡೆ ನೋಡುತ್ತಾ ನಿಂತಿರುತ್ತಾರೆ.

"ಅವರಿಗೆ ಇನ್ನೊಂದು ಮುದ್ದೆ ಬೇಕಾ ಕೇಳಮ್ಮಾ."

"ಸಾಕು ಅಂತ ಹೇಳು," ಎನ್ನುತ್ತೇನೆ ನಾನು.

ನನ್ನ ಹೆಂಡತಿ ಇಬ್ಬರ ನಡುವೆ ನಿಂತು, "ನಾನೇನು ಟೆಲಿಫೋನ್ ಎಕ್ಸ್‌ಚೇಂಜಾ?" ಎಂದು ರೇಗುತ್ತಾಳೆ.

ಎರಡು ವರ್ಷದ ಹಿಂದೆ ನನ್ನ ಹೆಂಡತಿಯ ತಂಗಿಗೆ ಹೆಣ್ಣು ಮಗು ಹುಟ್ಟಿತು. ಮದುವೆಯಾಗಿ ಎಂಟು ವರ್ಷದ ಮೇಲೆ. ಅವಳ ಗಂಡ ಊಟಿಯಿಂದ ಇನ್ನೂ ಹತ್ತು ಕಿಲೋಮೀಟರ್ ಮೇಲೆ ಒಂದು ಟೀ ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್. ಬಸುರಿಯನ್ನು ಅಷ್ಟು ದೂರ ಕರೆತರುವುದು ಬೇಡ ಎಂದು ಅಲ್ಲಿನ ಡಾಕ್ಟರು ಹೇಳಿದ್ದರಿಂದ ಬಾಣಂತನವೂ ಅಲ್ಲೇ ಆಯಿತು. ದಮ್ಮಿನಿಂದಾಗಿ ಅತ್ತೆಗೆ ಹೋಗಲಾಗಲಿಲ್ಲ, ಮಗುವಿನ ಮುಖ ನೋಡಿರಲಿಲ್ಲ. ಮೂರನೇ ತಿಂಗಳಲ್ಲಿ ತೊಟ್ಟಿಲಿಗೆ ಹಾಕಿ ಹೆಸರಿಡುವುದು ಎಂದು ಗೊತ್ತಾದಾಗ ಅತ್ತೆ ನನ್ನ ಹೆಂಡತಿಗೆ ಫೋನ್ ಮಾಡಿ ಒಂದೇ ಮಾತು ಹೇಳಿದರಂತೆ: "ಆ ಕೂಸಿನ ಕಿವೀಲಿ ಹೆಸರು ನಾನು ಹೇಳ್ಬೇಕು. ಅವರಿಗೆ ಕೇಳು, ಕರ್ಕೊಂಡು ಹೋಗ್ತಾರಾ ಅಂತ."

ಕೇಳಬೇಕಾ? ನನ್ನ ಹತ್ತಿರ ನನ್ನ ಕಾರಿತ್ತು. ಶೇಂಗಾ ವ್ಯಾಪಾರಿಯೊಬ್ಬರು ಗುಜರಿಗೆ ಹಾಕಲು ಹೊರಟಿದ್ದ ಹಳೇ ಪೆಟ್ರೋಲ್ ಕಾರನ್ನು ತಂದು, ಎರಡು ವರ್ಷದ ಭಾನುವಾರಗಳನ್ನೆಲ್ಲ ಅದರ ಕೆಳಗೆ ಮಲಗಿ ಕಳೆದು, ಒಂದೊಂದು ಬೋಲ್ಟೂ ನಾನೇ ಬಿಗಿದು ನಿಲ್ಲಿಸಿದ ಗಾಡಿ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಕಾರ್ಬೊರೇಟರ್ ಎಷ್ಟು ಪೆಟ್ರೋಲ್ ಬಿಡುತ್ತದೋ ಅಷ್ಟನ್ನು ಎಂಜಿನ್ ಕುಡಿಯುತ್ತದೆ.

ಡಾಕ್ಟರ ಹತ್ತಿರ ಅತ್ತೆಯನ್ನು ತೋರಿಸಿದೆವು. "ಹೋಗಬಹುದು, ಇನ್‌ಹೇಲರ್ ಕೈಯಲ್ಲೇ ಇರಲಿ. ಚಳಿಗಾಳಿಗೆ ಉಸಿರು ಹಿಡೀತು ಅಂದ್ರೆ ಹಟ ಮಾಡ್ಬೇಡಿ, ಕೆಳಗೆ ಇಳಿಸಿಬಿಡಿ," ಎಂದರು.

ಹೊರಡುವ ಹಿಂದಿನ ದಿನ ಟೀ ಅಂಗಡಿಯಲ್ಲಿ ಗೆಳೆಯ ಕಿಚಾಯಿಸಿದ.

"ಲೇ, ಬಾಡಿಗೆ ಕಾರು ಮಾಡ್ಕೊಂಡು ಹೋಗಲೇ. ಆ ಡಬ್ಬಾ ತಗಂಡು ಊಟಿಗೆ ಹೋಗ್ತೀಯಾ? ಅದು ಇಲ್ಲೇ ನಾಯಕನಹಟ್ಟಿಗೆ ಹೋಗಿ ಬಂದ್ರೇ ಹೆಚ್ಚು."

"ಬರುವಾಗ ಊಟಿ ವರ್ಕಿ ಬಿಸ್ಕತ್ತು ತಂದು ನಿನ್ನ ಬಾಯಿಗೆ ತುರುಕ್ತೀನಿ, ಸುಮ್ನಿರು."

ಮಕ್ಕಳಿಬ್ಬರನ್ನು ತಮ್ಮನ ಮನೆಯಲ್ಲಿ ಬಿಟ್ಟು ಹೊರಟೆವು. ಮುಂದೆ ನಾನು, ಪಕ್ಕದಲ್ಲಿ ಹೆಂಡತಿ, ಹಿಂದಿನ ಸೀಟಿನಲ್ಲಿ ಅತ್ತೆ. ಅವರ ತೊಡೆಯ ಮೇಲೆ ಉಂಡೆಯ ಸ್ಟೀಲ್ ಡಬ್ಬಿ. ಅದರ ಮೇಲೆ ಕವರಿನಲ್ಲಿ ಸುತ್ತಿದ ಪುಟ್ಟ ರೇಷ್ಮೆ ತುಂಡು, ಮಗುವಿಗೆಂದು ನೇಯಿಸಿದ್ದು. ಊಟಿಗೆ ಹೋಗುವ ಗಾಡಿಗೆ ಮೊದಲೇ ತೆಗೆಯಬೇಕಾದ ಪಾಸನ್ನು ಹೆಂಡತಿ ಮೊಬೈಲಿನಲ್ಲಿ ತೆಗೆದಿದ್ದಳು. ರಾತ್ರಿ ಗುಂಡ್ಲುಪೇಟೆಯಲ್ಲಿ ಉಳಿದು, ಬೆಳಿಗ್ಗೆ ಕಾಡಿನ ಗೇಟು ತೆಗೆದ ಕೂಡಲೇ ಬಂಡೀಪುರ ದಾಟಿದೆವು. ಅಲ್ಲಿಯವರೆಗೂ ಗಾಡಿ ಹೊಲಿಗೆ ಮಿಷನ್ನಿನ ಹಾಗೆ ಓಡಿತು. ಒಂದು ಜಿಂಕೆ ಅಡ್ಡ ಬಂದಾಗ ಅತ್ತೆ, "ಬ್ರೇಕು ಚೆನ್ನಾಗೈತೆ ಅಂತ ಹೇಳಮ್ಮಾ," ಎಂದರು. ಇಪ್ಪತ್ತು ವರ್ಷದಲ್ಲಿ ನನಗೆ ಸಿಕ್ಕಿದ ಮೊದಲ ಶಾಬಾಸ್.

ಗೂಡಲೂರಿನಲ್ಲಿ ಇಡ್ಲಿ ತಿಂದು ಘಾಟಿ ಹತ್ತತೊಡಗಿದಾಗ ಎಂಟೂಕಾಲು. ಮುಹೂರ್ತ ಹನ್ನೊಂದಕ್ಕೆ, ಬೇಕಾದಷ್ಟು ಸಮಯ ಇತ್ತು.

ಐದಾರು ತಿರುವು ಹತ್ತಿದ ಮೇಲೆ ಕಾಲಿನ ಕೆಳಗೆ ಏನೋ ಸಡಿಲಾದ ಹಾಗಾಯಿತು. ಆಕ್ಸಿಲರೇಟರ್ ಒತ್ತುತ್ತೇನೆ, ಶಬ್ದ ಬರುತ್ತದೆ, ಎಳೆತ ಬರುವುದಿಲ್ಲ. ಮೂರನೇ ಗೇರಿನಿಂದ ಎರಡಕ್ಕೆ ಬಂದೆ. ಎರಡರಲ್ಲೂ ತಡವರಿಸಿತು, ಒಂದಕ್ಕೆ ಬಂದೆ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಕಪ್ಪು ಹೊಗೆ. ನಮ್ಮ ಕಡೆಯ ತರಕಾರಿ ಲಾರಿಯೊಂದು ಪಕ್ಕಕ್ಕೆ ಬಂದು, ಡ್ರೈವರ್ ಕಿಟಕಿಯಿಂದ ಬಗ್ಗಿ, "ಏನಣ್ಣಾ, ಹಗ್ಗ ಕಟ್ಟಿ ಎಳೀಲಾ?" ಎಂದು ಕೇಳಿದ. ನಂಬರ್ ಪ್ಲೇಟ್ ನೋಡಿ ಪ್ರೀತಿಯಿಂದಲೇ ಕೇಳಿದ್ದ. ನನ್ನ ಮುಖಕ್ಕೆ ಉಗಿದ ಹಾಗಾಯಿತು. "ಬ್ಯಾಡಪ್ಪಾ, ಗಾಳಿ ಕುಡಿಯೋಕೆ ನಿಧಾನ ಹೋಗ್ತಿದೀವಿ," ಎಂದೆ.

ಟೀ ತೋಟದ ಪಕ್ಕ ಸ್ವಲ್ಪ ಅಗಲವಾದ ಕಡೆ ನಿಲ್ಲಿಸಿ ಬಾನೆಟ್ ಎತ್ತಿದೆ. ಮಂಜು ಕೈಗೆ ಸಿಗುವಷ್ಟು ಹತ್ತಿರ ಬಂದಿತ್ತು. ಮೊದಲು ಫಿಲ್ಟರ್ ಬಿಚ್ಚಿ ಕಲ್ಲಿಗೆ ಬಡಿದೆ. ಒಂದು ಚಿಟಿಕೆ ಧೂಳೂ ಬೀಳಲಿಲ್ಲ, ಹಿಂದಿನ ದಿನ ತಾನೇ ಹೊಸದು ಹಾಕಿದ್ದೆ. ಧೂಳಲ್ಲ ಎಂದರೆ ಬಿಸಿಲು. ಕೈ ತನ್ನಷ್ಟಕ್ಕೆ ಡಿಕ್ಕಿಯಿಂದ ಬಟ್ಟೆ ತೆಗೆಯಿತು. ಬಾಟಲಿ ನೀರಿನಲ್ಲಿ ಅದ್ದಿ ಪೆಟ್ರೋಲ್ ಪಂಪಿಗೆ ಸುತ್ತಿದೆ. ಕಿವಿಗೆ ಮಫ್ಲರ್ ಸುತ್ತಿಕೊಂಡು, ಬಾಯಿಂದ ಹೊಗೆಯ ಹಾಗೆ ಉಸಿರು ಬಿಡುತ್ತಾ, ಹಲ್ಲು ಕಟಕಟ ಎನ್ನುವ ಆ ಚಳಿಯಲ್ಲಿ ನಾನು ಗಾಡಿಗೆ ತಂಪು ಮಾಡುತ್ತಾ ನಿಂತಿದ್ದೆ. ನನಗೆ ಅದು ತಪ್ಪು ಎಂದು ಹೊಳೆಯಲೇ ಇಲ್ಲ. ಹಿಂದಿನ ಕಿಟಕಿ ಇಳಿಯಿತು.

"ನಡುಗ್ತಾ ಇರೋದಕ್ಕೆ ನೀರು ಯಾಕೆ ಹುಯ್ತಾರೆ, ಕೇಳಮ್ಮಾ."

ನನ್ನ ಹೆಂಡತಿಗೆ ನಗು ತಡೆಯಲಾಗಲಿಲ್ಲ. "ಕೇಳಿಸ್ತಾ? ಉತ್ತರ ಏನು ಕೊಡ್ಲಿ?"

"ಇದು ಮೆಕ್ಯಾನಿಕ್ಕಿನ ವಿಷಯ ಅಂತ ಹೇಳು," ಎಂದೆ. "ಇನ್ನೊಂದು ಬಾಟ್ಲು ನೀರು ತಗಂಡು ಬಾ, ಅಲ್ಲಿ ಬಂಡೆ ಹತ್ರ ಜಿನುಗ್ತಾ ಐತೆ."

ಅವಳು ನಗುತ್ತಲೇ ಬಾಟಲಿ ಹಿಡಿದು ಹೋದಳು. ನಾನು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆ. ಕಾಡಿಗೆ ಹಚ್ಚಿದ ಹಾಗೆ ಕಪ್ಪಗಿತ್ತು. ಅಂದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ. ಆದರೆ ಯಾಕೆ? ಕಾರ್ಬೊರೇಟರಿನ ಸ್ಕ್ರೂ ನಾನು ಇಟ್ಟಲ್ಲೇ ಇತ್ತು, ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಊರಿನಲ್ಲಿ ಸರಿಯಾಗಿದ್ದ ಅಳತೆ ಇಲ್ಲಿ ಹೆಚ್ಚು ಹೇಗಾಯಿತು? ಮೂವತ್ತು ವರ್ಷದಲ್ಲಿ ಮೊದಲ ಸಲ ಬಾನೆಟ್ಟಿನ ಒಳಗೆ ನೋಡುತ್ತಾ ನನಗೆ ಏನೂ ತೋಚಲಿಲ್ಲ. ಗಡಿಯಾರ ನೋಡಿದೆ, ಒಂಬತ್ತು ದಾಟಿ ಹತ್ತು ನಿಮಿಷ.

ಆಗ ಅತ್ತೆ ಕೆಳಗಿಳಿದರು. ಶಾಲು ಹೊದ್ದುಕೊಂಡು ಗಾಡಿಯ ಮುಂದೆ ಬಂದು ನಿಂತರು. ಸುತ್ತ ನೋಡಿದರು. ಮಾತು ಸಾಗಿಸಲು ಮಗಳಿಲ್ಲ. ನನ್ನ ಮುಖ ನೋಡುವ ಹಾಗಿಲ್ಲ. ಹಾಗಾಗಿ ಗಾಡಿಯ ದೀಪದ ಮೇಲೆ ಕೈ ಇಟ್ಟು ಗಾಡಿಗೇ ಹೇಳಿದರು.

"ಏನಮ್ಮಾ, ನಿಂಗೂ ದಮ್ಮಾ? ಈ ಬೆಟ್ಟದಾಗೆ ಗಾಳಿ ತೆಳ್ಳಗೈತಮ್ಮಾ, ಎಷ್ಟು ಎಳೆದ್ರೂ ಎದೆ ತುಂಬಲ್ಲ. ಗಾಳಿ ಸಾಲ್ದೆ ಬಾಯಿ ಬಿಡ್ತಿರೋಳಿಗೆ ತುತ್ತಿನ ಮೇಲೆ ತುತ್ತು ತುರುಕಿದ್ರೆ ಹೆಂಗೆ ನುಂಗ್ತೀಯಾ, ಪಾಪ. ತಿನ್ಸೋದು ಒಂಚೂರು ಕಮ್ಮಿ ಮಾಡ್ಲಿ, ನಡೀತೀಯ."

ಇಷ್ಟು ಹೇಳಿ, ಸೆರಗು ಎಳೆದುಕೊಂಡು, ಹೋಗಿ ಸೀಟಿನಲ್ಲಿ ಕೂತರು.

ಎಂಜಿನ್ ಕುಡಿಯುವುದು ಪೆಟ್ರೋಲ್ ಒಂದನ್ನೇ ಅಲ್ಲ, ಗಾಳಿಯನ್ನೂ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಗಾಳಿಯೇ ಕಮ್ಮಿ ಇರುವ ಜಾಗ ಒಂದು ಇರಬಹುದು ಎಂದು ನಾನು ಯೋಚಿಸಿದವನೇ ಅಲ್ಲ. ಚಳ್ಳಕೆರೆಯಲ್ಲಿ ಮಳೆ ಕಮ್ಮಿ, ನೀರು ಕಮ್ಮಿ, ಗಾಳಿ ಯಾವತ್ತೂ ಕಮ್ಮಿಯಾಗಿಲ್ಲ. ಎಂಟನೇ ಕ್ಲಾಸಿಗೆ ಹೋಗಿದ್ದರೆ ಯಾರಾದರೂ ಮೇಷ್ಟ್ರು ಹೇಳುತ್ತಿದ್ದರೋ ಏನೋ. ನನಗೆ ಹೇಳಿಕೊಟ್ಟವರು ಶಾಲೆಯ ಮುಖವನ್ನೇ ನೋಡದ ಅತ್ತೆ, ಅದೂ ಗಾಡಿಗೆ ಹೇಳುವ ನೆವದಲ್ಲಿ.

ಒದ್ದೆ ಬಟ್ಟೆ ಕಿತ್ತು ಬಿಸಾಕಿದೆ. ಪೆಟ್ರೋಲ್ ಬಿಡುವ ಸ್ಕ್ರೂ ಅರ್ಧ ಸುತ್ತು ಬಿಗಿದೆ. ಫಿಲ್ಟರಿನ ಮುಚ್ಚಳ ತೆಗೆದು ಇನ್ನಷ್ಟು ಗಾಳಿಗೆ ದಾರಿ ಬಿಟ್ಟೆ. ಪ್ಲಗ್ ಉಜ್ಜಿ ಹಾಕಿದೆ. ಹೆಂಡತಿ ನೀರು ಹಿಡಿದು ಬರುವಷ್ಟರಲ್ಲಿ ಎಂಜಿನ್ ಬೇರೆಯೇ ಶಬ್ದ ಮಾಡುತ್ತಿತ್ತು.

"ಏನ್ ಮಾಡಿದ್ರಿ?"

"ನಿಮ್ಮಮ್ಮ ರಿಪೇರಿ ಮಾಡಿದ್ರು," ಎಂದೆ. ಅವಳು ನಂಬಲಿಲ್ಲ.

ಪೂರ್ತಿ ದಮ್ಮು ಬರಲಿಲ್ಲ, ನಿಜ. ಆದರೆ ಎರಡನೇ ಗೇರಿನಲ್ಲಿ ಎಳೆಯಿತು, ಹೊಗೆ ನಿಂತಿತು. ಖುಷಿಗೆ ಎರಡು ತಿರುವು ಹಾಡು ಗುನುಗಿದೆ. ಲೆಕ್ಕ ಹಾಕಿದೆ, ಹನ್ನೊಂದರ ಒಳಗೆ ತಲುಪುತ್ತೇವೆ. ಮೂರನೇ ತಿರುವಿನಲ್ಲಿ ಎಂಜಿನ್ ಶಬ್ದದ ಸಂದಿಯಲ್ಲಿ ಸಣ್ಣ ಸೀಟಿ ಕೇಳಿಸಿತು. ಫ್ಯಾನ್ ಬೆಲ್ಟ್ ಅಂದುಕೊಂಡೆ. ಬೆಲ್ಟಾದರೆ ಎಂಜಿನ್ ಜೋರಾದಾಗ ಸೀಟಿಯೂ ಜೋರಾಗಬೇಕು, ಕಾಲು ತೆಗೆದಾಗ ಇಳಿಯಬೇಕು. ಕಾಲು ತೆಗೆದೆ. ಸೀಟಿ ಇಳಿಯಲಿಲ್ಲ. ಅದು ಮುಂದಿನಿಂದ ಬರುತ್ತಿರಲಿಲ್ಲ, ಹಿಂದಿನ ಸೀಟಿನಿಂದ ಬರುತ್ತಿತ್ತು.

ಕನ್ನಡಿ ಬಗ್ಗಿಸಿ ನೋಡಿದೆ. ಅತ್ತೆ ಸೆರಗಿನ ಒಳಗೆ ಬಾಯಿ ಮುಚ್ಚಿಕೊಂಡು ಕೂತಿದ್ದರು. ಒಂದೊಂದು ಉಸಿರಿಗೂ ಹೆಗಲು ಮೇಲೆದ್ದು ಇಳಿಯುತ್ತಿತ್ತು. ಇನ್‌ಹೇಲರ್ ಮುಷ್ಟಿಯಲ್ಲಿತ್ತು. ನಾವು ನೋಡದ ಹಾಗೆ ಎಷ್ಟು ಸಲ ಎಳೆದುಕೊಂಡಿದ್ದರೋ.

'ನಿಂಗೂ ದಮ್ಮಾ' ಎಂದಿದ್ದರು. 'ನಿಂಗೆ' ಎಂದಿರಲಿಲ್ಲ, 'ನಿಂಗೂ' ಎಂದಿದ್ದರು. ನಾನು ಗಾಡಿಯ ಪಾಲಿನ ಮಾತನ್ನು ಕೇಳಿಸಿಕೊಂಡು ಸ್ಕ್ರೂ ತಿರುಗಿಸಿದ್ದೆ. ಅವರ ಪಾಲಿನ ಮಾತು ಆ ದೀರ್ಘದಲ್ಲೇ ಉಳಿದುಹೋಗಿತ್ತು. ಗೇಟಿನಲ್ಲೇ ಶಬ್ದ ಹಿಡಿಯುತ್ತೇನೆ ಎನ್ನುವವನ ಕಿವಿ ಇದು.

ಗಾಡಿಗೆ ಬಿಗಿಯಲು ಸ್ಕ್ರೂ ಇತ್ತು, ಅವರಿಗೆ ಇರಲಿಲ್ಲ. ಮುಂದಿನ ಅಗಲದ ಜಾಗದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಗಾಡಿಯ ಮೂತಿಯನ್ನು ಕೆಳಗೆ ಹಾಕಿದೆ.

ಹಿಂದಿನಿಂದ ಕೂಗು ಬಂತು. "ವದ್ದು, ವದ್ದಯ್ಯಾ! ಎಲ್ಲಿಗೆ ತಿರುಗಿಸ್ತಿದೀಯಾ? ನನ್ ಕೂಸಿನ ಹೆಸರಿಡೋದೈತೆ! ಗಾಡಿ ತಿರುಗಿಸು, ನಿನ್ ಕಾಲಿಗೆ ಬೀಳ್ತೀನಿ, ತಿರುಗಿಸು!"

ಬೇಡ ಎನ್ನಲು ತೆಲುಗು ಬಂತು, ಬಯ್ಯಲು ಕನ್ನಡ. ಇಪ್ಪತ್ತು ವರ್ಷದಲ್ಲಿ ಅತ್ತೆ ನನಗೆ ನೇರವಾಗಿ ಆಡಿದ ಮೊದಲ ಮಾತು ಅದು, ಅದೂ ಏಕವಚನದಲ್ಲಿ. ನನ್ನ ಹೆಂಡತಿ ಬಾಯಿ ತೆರೆದು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದಳು.

"ಇಲ್ಲ ಅತ್ತೇರೇ," ಎಂದೆ. "ನಿಮ್ಮನ್ನ ಅಲ್ಲಿಗೆ ಕರ್ಕೊಂಡು ಹೋಗೋದಷ್ಟೇ ಅಲ್ಲ, ವಾಪಸ್ ಕರ್ಕೊಂಡು ಬರಬೇಕಲ್ಲ. ಬೈಯ್ರಿ, ಊರು ಮುಟ್ಟೋವರೆಗೂ ಬೈಯ್ರಿ. ಮೇಲಕ್ಕೆ ಮಾತ್ರ ಹತ್ಸಲ್ಲ."

"ನಿನ್ ಗಾಡಿ ಹತ್ತಲ್ಲ ಅಂತ ಹೇಳು! ನನ್ ಮೇಲೆ ಯಾಕೆ ಹಾಕ್ತೀಯಾ?"

"ಹೌದು, ಹತ್ತಲ್ಲ," ಎಂದೆ. ಗಾಡಿ ಚೆನ್ನಾಗಿಯೇ ಹತ್ತುತ್ತಿತ್ತು. ನನ್ನ ಕೈಯಿಂದ ಎದ್ದ ಗಾಡಿಗೆ ನನ್ನ ಬಾಯಿಂದಲೇ ಆ ಮಾತು ಹೇಳಿದ್ದು ಅದೊಂದೇ ಸಲ.

ಗೂಡಲೂರಿಗೆ ಇಳಿದು ಒಂದು ಸಣ್ಣ ಆಸ್ಪತ್ರೆಗೆ ಕರೆದೊಯ್ದೆವು. ಮೂಗಿಗೆ ಮಾಸ್ಕ್ ಇಟ್ಟು ಔಷಧಿಯ ಆವಿ ಕೊಟ್ಟರು. ಅರ್ಧ ಗಂಟೆಗೆ ಹೆಗಲು ಕೆಳಗಿಳಿಯಿತು, ಸೀಟಿ ನಿಂತಿತು. ಅಲ್ಲಿನ ಡಾಕ್ಟರೂ ಮೇಲೆ ಹೋಗಬೇಡಿ ಎಂದರು. ಹೆಂಡತಿ ತಂಗಿಗೆ ಫೋನ್ ಮಾಡಿದಳು. ಮುಹೂರ್ತ ನಿಲ್ಲಿಸಲು ಗಂಡನ ಮನೆಯವರು ಒಪ್ಪುವ ಹಾಗಿರಲಿಲ್ಲ, ನೆಂಟರೆಲ್ಲ ಬಂದು ಕೂತಿದ್ದರು. ಹನ್ನೊಂದಕ್ಕೆ ವಿಡಿಯೋ ಕಾಲ್ ಮಾಡಿದರು. ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನ ಮೂಲೆಯ ಟೇಬಲ್ಲಿನಲ್ಲಿ ಅತ್ತೆ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ತೊಟ್ಟಿಲಿಗೆ ಕಟ್ಟಿದ ಹೂವು ಕಂಡಿತು, ಯಾರದೋ ಬೆನ್ನು ಕಂಡಿತು, ಅಲ್ಲಿಗೇ ಚಿತ್ರ ನಿಂತುಹೋಯಿತು. ಮಗುವಿನ ಕಿವಿಯಲ್ಲಿ ಹೆಸರು ಹೇಳಿದ್ದು ಅದರ ಸೋದರತ್ತೆ. ನನ್ನ ಅತ್ತೆ ಮೊಬೈಲನ್ನು ಮಗುಚಿ ಇಟ್ಟು ಗೋಡೆ ನೋಡುತ್ತಾ ಕೂತರು. ಅವರ ಆಸೆ ಇದ್ದದ್ದು ಒಂದು, ಅದನ್ನು ಕಳೆದವನು ನಾನು. ಹೋಟೆಲಿನವರು ಮೂರು ಸಲ ಟೀ ತಂದಿಟ್ಟರು, ಮೂರು ಸಲವೂ ಆರಿತು.

ಮಧ್ಯಾಹ್ನ ಎರಡೂವರೆಗೆ ಊಟಿ ಬಸ್ಸಿನಿಂದ ಹೆಂಡತಿಯ ತಂಗಿ ಇಳಿದಳು. ತೊಟ್ಟಿಲ ಶಾಸ್ತ್ರದ ಸೀರೆಯಲ್ಲೇ ಇದ್ದಳು, ಹಿಂದೆ ಚೀಲ ಹಿಡಿದ ಗಂಡ. ಎದೆಗೆ ಅವುಚಿಕೊಂಡ ಗಂಟಿನಲ್ಲಿ ಕುಲಾವಿ ಹಾಕಿದ ಒಂದು ತಲೆ.

"ಬಾವಾ, ಅಮ್ಮ ಎಲ್ಲಿ?" ಎಂದಳು. ಊಟವನ್ನೂ ಮಾಡದೆ ಬಂದಿದ್ದಳು.

ಅತ್ತೆ ಎದ್ದು ನಿಲ್ಲಲಿಲ್ಲ, ಕೂತಲ್ಲೇ ಎರಡೂ ಕೈ ಚಾಚಿದರು. ಮಗು ನಿದ್ದೆಯಲ್ಲಿತ್ತು. ಕುಲಾವಿಯ ಅಂಚು ಸರಿಸಿ, ಕಿವಿಗೆ ಬಾಯಿ ಹತ್ತಿರ ಒಯ್ದು ಹೆಸರು ಹೇಳಿದರು. ಮೂರು ಸಲ ಹೇಳಬೇಕಾದದ್ದನ್ನು ಅವರು ಎಷ್ಟು ಸಲ ಹೇಳಿದರೋ ನಾನು ಎಣಿಸಲಿಲ್ಲ. ಮಗು ಕಣ್ಣು ಬಿಟ್ಟು, ಮುಖ ಕಿವುಚಿ, ಜೋರಾಗಿ ಒಂದು ಸೀನು ಸೀನಿತು.

"ಕೇಳಿಸ್ತಂತೆ," ಎಂದ ಅದರ ಅಪ್ಪ. ಎಲ್ಲರೂ ನಕ್ಕೆವು. ಹೋಟೆಲಿನವರೂ ನಕ್ಕರು.

ಒಂದೂವರೆ ಗಂಟೆ ಮಗು ಅತ್ತೆಯ ಮಡಿಲಲ್ಲೇ ಇತ್ತು. ಹೊರಡುವ ಹೊತ್ತಿಗೆ ಅತ್ತೆ ತಲೆ ಎತ್ತಿ ನನ್ನನ್ನು ನೋಡಿದರು. ಮುಖಕ್ಕೆ ಮುಖ ಕೊಟ್ಟು ನೋಡಿದರು.

"ಕೈ ತೊಳ್ಕಂಡಿದೀಯಾ?"

ಎರಡು ಸಲ ಸೋಪು ಹಾಕಿ ತೊಳೆದಿದ್ದೆ. ಉಗುರಿನ ಸಂದಿಯ ಕಪ್ಪು ಮಾತ್ರ ಯಾವ ಸೋಪಿಗೂ ಹೋಗುವುದಿಲ್ಲ. ಕೈ ತೋರಿಸಿದೆ.

"ಇರ್ಲಿ, ಹಿಡ್ಕಾ," ಎಂದು ಮಗುವನ್ನು ನನ್ನ ಕೈಗಿಟ್ಟರು.

ಊರು ಸೇರಿದ ಮರುದಿನ ಮೊಳಕಾಲ್ಮೂರಿನ ಮನೆಯಲ್ಲಿ ಅತ್ತೆ ಮತ್ತೆ ಗೋಡೆ ನೋಡುತ್ತಾ, "ಅವರಿಗೆ ಕಾಫಿ ಬೇಕಾ ಕೇಳಮ್ಮಾ," ಎಂದರು. ನನ್ನ ಹೆಂಡತಿ ಸೊಂಟಕ್ಕೆ ಕೈ ಇಟ್ಟು, "ನೀನೇ ಕೇಳಮ್ಮಾ, ಘಾಟೀಲಿ ಬಾಯಿ ಇತ್ತಲ್ಲಾ," ಎಂದಳು.

"ಛೀ, ಅಳಿಯನ ಹತ್ರ ಹೆಂಗೆ ಮಾತಾಡೋದು," ಎಂದು ಅತ್ತೆ ಒಳಗೆ ಹೋದರು. ಕಾಫಿಯನ್ನಂತೂ ಕಳಿಸಿದರು.

ಆ ಘಾಟಿಗೆ ನಾನು ಮತ್ತೆ ಹೋಗಿಲ್ಲ. ಹೆಂಡತಿಯ ತಂಗಿಯೇ ವರ್ಷಕ್ಕೆರಡು ಸಲ ಮಗುವನ್ನು ಕರೆದುಕೊಂಡು ಇಳಿದು ಬರುತ್ತಾಳೆ, ಬಂದರೆ ಹದಿನೈದು ದಿನ ಇರುತ್ತಾಳೆ. ಕಳೆದ ಸಲ ಬಂದಾಗ ಮಗು ನನ್ನ ಶೆಡ್ಡಿಗೂ ಬಂದಿತ್ತು.

ಈಗ ನನ್ನ ಹತ್ತಿರ ಇರುವುದು ಇಷ್ಟು. ತಗಡಿನ ಶೆಡ್ಡು ಒಂದು. ಜಾಕು ಎರಡು. ಕಂಪ್ರೆಸರ್ ಒಂದು. ಕಾರು ಒಂದು, ಓಡುತ್ತದೆ. ಎರಡು ಕೋಣೆಯ ಮನೆ. ಹೆಂಡತಿ. ಮಕ್ಕಳಿಬ್ಬರು, ಇಬ್ಬರೂ ಓದುತ್ತಿದ್ದಾರೆ. ಮೊಳಕಾಲ್ಮೂರಿನಲ್ಲಿ ಅತ್ತೆ ಒಬ್ಬರು, ವಯಸ್ಸು ಎಪ್ಪತ್ತೆರಡು.